ಫೋನ್ ನಂಬರ್ ಹೇಳಬಹುದು, ‘ಫೋನ್ ಮಾಡಿ’ ಎನ್ನುವಂತಿಲ್ಲ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಎಫ್‌ಎಂ ರೇಡಿಯೊವನ್ನು 88ರಿಂದ 92 ಮೆಗಾಹರ್ಟ್ಸ್ ನಡುವೆ ತಿರುಗಿಸಿದರೆ ಸಿಗುವುದು ಹೆಚ್ಚಾಗಿ ವಾಣಿಜ್ಯೇತರ ಕೇಂದ್ರಗಳೇ. ವಿಶ್ವವಿದ್ಯಾಲಯಗಳವು, ಧಾರ್ಮಿಕ ಸಂಸ್ಥೆಗಳವು, ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೊ ಜಾಲದ ಬಳಗದವು. ಇಲ್ಲಿ ಜಾಹೀರಾತು ನಿಷಿದ್ಧ. ಆದರೂ ಸ್ವಲ್ಪ ಹೊತ್ತು ಕೇಳಿದರೆ ಯಾವುದೋ ಬ್ಯಾಂಕಿನ, ಯಾವುದೋ ಕಾರು ಕಂಪನಿಯ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಅದು ಜಾಹೀರಾತಲ್ಲ, ನೆರವು ಕೊಟ್ಟವರ ಸ್ಮರಣೆ ಎನ್ನುತ್ತದೆ ಕಾನೂನು. ಅಲ್ಲಿಯವರು ಅದನ್ನು ಅಂಡರ್‌ರೈಟಿಂಗ್ ಎನ್ನುತ್ತಾರೆ.

ನಮ್ಮ ಸಮುದಾಯ ಬಾನುಲಿಗೆ 2024ರ ಮಾರ್ಗಸೂಚಿ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶ ಕೊಟ್ಟಿದೆ. ನಾವು ನಿಮಿಷ ಎಣಿಸುತ್ತೇವೆ; ಅವರು ಮಾತನ್ನು ತೂಗುತ್ತಾರೆ. ಹಣ ಪಡೆದು, ಲಾಭಕ್ಕಾಗಿ ಮಾರುವ ಸರಕು ಅಥವಾ ಸೇವೆಗೆ ಪ್ರಚಾರ ಕೊಟ್ಟರೆ ಅದು ಜಾಹೀರಾತು ಎಂದು ಅಮೆರಿಕದ ಪ್ರಸಾರ ಕಾನೂನಿನ 1981ರ ತಿದ್ದುಪಡಿ ಹೇಳಿತು. 1984ರಲ್ಲಿ ಅಲ್ಲಿನ ಪ್ರಸಾರದ ನಿಯಂತ್ರಕ ಸಂಸ್ಥೆಯಾದ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ತುಸು ಸಡಿಲ ಬಿಟ್ಟಿತು. ಪ್ರಾಯೋಜಕರ ವಿಳಾಸ ಹೇಳಬಹುದು, ಏನು ಮಾರುತ್ತಾರೆಂದು ಬಣ್ಣ ಹಚ್ಚದೆ ತಿಳಿಸಬಹುದು.

ಇಲ್ಲಿಂದ ಮುಂದೆ ಕೂದಲು ಸೀಳುವ ಕೆಲಸ. ‘ಇಂಥ ಬೀದಿಯ ಇಂಥ ಬೇಕರಿ, ಬ್ರೆಡ್ಡು ಮತ್ತು ಕೇಕು’ ಎಂದರೆ ತಪ್ಪಿಲ್ಲ. ‘ಊರಿಗೇ ರುಚಿಯಾದ ಬ್ರೆಡ್ಡು’ ಎಂದರೆ ತಪ್ಪು, ಅದು ಹೊಗಳಿಕೆ. ಬೆಲೆ, ಬಡ್ಡಿ ದರ, ರಿಯಾಯಿತಿ ಯಾವುದನ್ನೂ ಹೇಳುವಂತಿಲ್ಲ. ಫೋನ್ ನಂಬರ್ ಓದಬಹುದು, ‘ಈಗಲೇ ಫೋನ್ ಮಾಡಿ’ ಎನ್ನುವಂತಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವವರ ಹಾಗೆ ಹೆಸರು, ಊರು ಹೇಳಿ ಮುಂದಕ್ಕೆ ಹೋಗಬೇಕು. ಅದೇ ಬೇಕರಿಯಿಂದ ಬಿಡಿಗಾಸೂ ಪಡೆಯದೆ ಉದ್ಘೋಷಕರು ಬ್ರೆಡ್ಡನ್ನು ಮನಸಾರೆ ಹೊಗಳಿದರೆ ಮಾತ್ರ ಕಾನೂನು ಸುಮ್ಮನಿರುತ್ತದೆ! ಲಾಭದ ಉದ್ದೇಶವಿಲ್ಲದ ವಸ್ತುಸಂಗ್ರಹಾಲಯವೊಂದು ಹಣ ಕೊಟ್ಟು ‘ಬನ್ನಿ’ ಎಂದು ಕರೆದರೂ ಅಡ್ಡಿಯಿಲ್ಲ.

2002ರಲ್ಲಿ ಎಫ್‌ಸಿಸಿ ಡಿಜಿಟಲ್ ಬಾನುಲಿಗೆ ದಾರಿ ತೆರೆಯಿತು. ಎಚ್‌ಡಿ ರೇಡಿಯೊ ಎಂಬ ಆ ತಂತ್ರಜ್ಞಾನದಲ್ಲಿ ಹಳೆಯ ಎಫ್‌ಎಂ ಸಂಕೇತದ ಪಕ್ಕದಲ್ಲೇ ಡಿಜಿಟಲ್ ಸಂಕೇತವೂ ಸಾಗುತ್ತದೆ. ಒಂದೇ ಕೇಂದ್ರ ಮುಖ್ಯ ವಾಹಿನಿಯಲ್ಲಿ ಸುದ್ದಿ, ಎರಡನೆಯದರಲ್ಲಿ ಜಾಝ್, ಮೂರನೆಯದರಲ್ಲಿ ಶಾಸ್ತ್ರೀಯ ಸಂಗೀತ ಬಿತ್ತರಿಸಬಹುದು. ಈ ಹೆಚ್ಚುವರಿ ವಾಹಿನಿಗಳಲ್ಲಾದರೂ ಜಾಹೀರಾತು ಹಾಕಿ ನಾಲ್ಕು ಕಾಸು ನೋಡೋಣವೆಂದರೆ ಆಗದು. ಉಚಿತವಾಗಿ ಬಿತ್ತರವಾಗುವ ಯಾವ ವಾಹಿನಿಯೇ ಆಗಲಿ, ಮೂಲ ಪರವಾನಗಿಯ ಕಟ್ಟುಪಾಡು ಅದಕ್ಕೂ ಅಂಟಿಕೊಂಡೇ ಇರುತ್ತದೆ. ಎಚ್‌ಡಿ ರಿಸೀವರ್ ಇದ್ದವರಿಗಷ್ಟೇ ಕೇಳಿಸುವ ಜಾಝ್ ವಾಹಿನಿಯಲ್ಲೂ ಬೇಕರಿಯ ಬ್ರೆಡ್ಡಿಗೆ ರುಚಿ ಇರಕೂಡದು.

ಆದರೆ ಅದೇ ಕೇಂದ್ರದ ಪಾಡ್‌ಕಾಸ್ಟ್ ಕೇಳಿ. ಅದೇ ನಿರೂಪಕರು ಹಾಸಿಗೆ ಕಂಪನಿಯೊಂದರ ಗುಣಗಾನ ಮಾಡಿ ರಿಯಾಯಿತಿಯ ಕೋಡ್ ಕೂಡ ಹೇಳಬಹುದು. ಅಂತರ್ಜಾಲದ ಬಿತ್ತರಕ್ಕೆ ಈ ನಿಯಮ ತಾಗುವುದಿಲ್ಲ. ಕೇಳುವವರಿಗೆ ಧ್ವನಿ ಒಂದೇ, ಹೆಸರು ಒಂದೇ. ತರಂಗದಲ್ಲಿ ಬಂದದ್ದೋ ತಂತಿಯಲ್ಲಿ ಬಂದದ್ದೋ ಎಂದು ಯಾರು ನೋಡುತ್ತಾರೆ? ನನ್ನನ್ನು ಕೇಳಿದರೆ ನಿಯಮದ ಆಶಯ ಒಳ್ಳೆಯದೇ. ಹಣ ಕೊಟ್ಟವರು ಮೈಕಿನ ಮುಂದೆ ಗಟ್ಟಿಯಾಗಿ ಕೂಗಬಾರದು ಎಂಬುದು ಕೇಳುಗರಿಗೆ ಸಿಗುವ ಮರ್ಯಾದೆ. ಆ ಮರ್ಯಾದೆ ಪಾಡ್‌ಕಾಸ್ಟ್ ಕೇಳುವವರಿಗೆ ಯಾಕಿಲ್ಲವೋ ತಿಳಿಯದು.

2025ರ ಜನವರಿಯಲ್ಲಿ ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್, ಎನ್‌ಪಿಆರ್ ಮತ್ತು ಸಾರ್ವಜನಿಕ ಟಿವಿ ಜಾಲವಾದ ಪಿಬಿಎಸ್ ಬಳಗದ ಕೇಂದ್ರಗಳ ಪ್ರಾಯೋಜಕ ಪ್ರಕಟಣೆಗಳು ಗೆರೆ ದಾಟಿವೆಯೇ ಎಂದು ತನಿಖೆಗೆ ಸೂಚಿಸಿದರು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ಸು ಸಾರ್ವಜನಿಕ ಪ್ರಸಾರಕ್ಕೆ ಕೊಡಲೊಪ್ಪಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂತೆಗೆದುಕೊಂಡಿತು. ಸಣ್ಣ ಊರಿನ ಕೇಂದ್ರದ ವ್ಯವಸ್ಥಾಪಕರು ಈಗ ಮೊದಲಿಗಿಂತ ಹೆಚ್ಚು ಪ್ರಾಯೋಜಕರನ್ನು ಹುಡುಕಬೇಕು, ಅವರ ಬಗ್ಗೆ ಮೊದಲಿಗಿಂತ ಅಳೆದು ಸುರಿದು ಮಾತಾಡಬೇಕು.