ಸಮುದ್ರಕ್ಕೆ ಬೆನ್ನು ಮಾಡಿ ಉಪ್ಪಿನ ಆಗರದ ಕಡೆ

ಎಲ್ಲರಿಗೂ ನಮಸ್ಕಾರ. ಹಾವೇರಿ ಬಿಟ್ಟು ಹಾನಗಲ್, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಗೋಕರ್ಣದ ಹತ್ತಿರ ಬಂದಿದ್ದೇವೆ. ಜೊತೆಗೆ ಅವ್ವ, ಚಿಕ್ಕವ್ವ, ಚಿಕ್ಕವ್ವನ ಮಕ್ಕಳು, ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಕಡೆಯವರು ಬುತ್ತಿ ಇಲ್ಲದೆ ಊರು ಬಿಡೋದಿಲ್ಲ, ಅಲ್ವಾ?

ಇದು ನಾವು ಬಾಡಿಗೆಗೆ ಹಿಡಿದ ವಿಲ್ಲಾ. ಕೆಂಪು ಚಿರೇಕಲ್ಲಿನ ಗೋಡೆ, ಮೇಲೆ ಹೆಂಚು, ಮುಂದೆ ತೆಂಗಿನ ತೋಟ, ಅದರಾಚೆ ಸಮುದ್ರ. ಪಕ್ಕದಲ್ಲಿ ಸ್ವಿಮ್ಮಿಂಗ್ ಪೂಲ್ ಬೇರೆ. "ಇಷ್ಟ ದೊಡ್ಡ ಸಮುದ್ರ ಮುಂದ ಇಟಗೊಂಡು ಇದ್ಯಾಕ?" ಅಂತ ಅವ್ವ ಕೇಳಿದಳು. ಉತ್ತರ ಗೊತ್ತಿದ್ದವರು ಹೇಳಿ.

ಓಂ ಬೀಚ್, ಕುಡ್ಲೆ ಬೀಚ್ ನೀವು ಬೇಕಾದಷ್ಟು ವಿಡಿಯೋದಲ್ಲಿ ನೋಡಿರುತ್ತೀರಿ. ನಾವೂ ಹೋದೆವು, ಮಕ್ಕಳು ನೀರಾಡಿದರು. ಮಹಾಬಲೇಶ್ವರನ ದರ್ಶನವೂ ಆಯಿತು. ಆದರೆ ನನಗೆ ತೋರಿಸಬೇಕು ಅನ್ನಿಸಿದ್ದು ಬೇರೆ. ಸಮುದ್ರಕ್ಕೆ ಬೆನ್ನು ಮಾಡಿ ಕುಮಟಾ ಕಡೆ ಹೊರಟರೆ ಸಾಣಿಕಟ್ಟಾ ಅಂತ ಊರು. ಅಲ್ಲಿ ಉಪ್ಪಿನ ಆಗರಗಳಿವೆ.

ಈಗ ಕಾಣ್ತಿದೆ ನೋಡಿ, ಮಣ್ಣಿನ ಬದು ಹಾಕಿದ ಚೌಕ ಚೌಕ ಮಡಿಗಳು. ಸಮುದ್ರ ಇಲ್ಲಿಂದ ಕಾಣೋದೂ ಇಲ್ಲ. ಉಬ್ಬರದ ಹೊತ್ತಿಗೆ ಉಪ್ಪುನೀರು ಅಘನಾಶಿನಿ ನದಿಯ ಅಳಿವೆಯೊಳಗೆ ನುಗ್ಗುತ್ತದೆ. ಅದನ್ನೇ ತೂಬು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋದ ಹಾಗೆ ಬಿಸಿಲಿಗೆ ನೀರು ಆವಿಯಾಗಿ ಉಪ್ಪಿನಂಶ ಜಾಸ್ತಿಯಾಗುತ್ತದೆ. ಕೊನೆಯ ಮಡಿಯಲ್ಲಿ ತಳಕ್ಕೆ ಹರಳು ಕೂರುತ್ತದೆ. ಉದ್ದ ಕೋಲಿನ ತುದಿಗೆ ಹಲಗೆ ಸಿಕ್ಕಿಸಿ ಅದನ್ನು ಎಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಎಲ್ಲಾ ಬೇಸಿಗೆಯ ಕೆಲಸ. ಮಳೆ ಬಿತ್ತು ಅಂದರೆ ಮುಗಿಯಿತು.

ಅವ್ವ ಕೇಳಿಕೊಂಡೇ ಒಂದು ಹರಳು ಎತ್ತಿದಳು. ಜೋಳದ ಕಾಳಿನಷ್ಟು ದಪ್ಪ. ಪ್ಯಾಕೆಟ್ ಉಪ್ಪಿನ ಹಾಗೆ ಅಚ್ಚ ಬಿಳಿಯಲ್ಲ, ಸ್ವಲ್ಪ ಮಾಸಲು. ಇನ್ನೂ ಒದ್ದೆ ಆರಿರಲಿಲ್ಲ. ಹಲ್ಲಿನ ನಡುವೆ ಇಟ್ಟು ಕಟಕ್ಕನೆ ಕಡಿದಳು. "ಉಪ್ಪಿನಕಾಯಿಗೆ ಇದ ಬೇಕು ನೋಡವಾ. ಪಾಕೀಟಿನ ಉಪ್ಪು ಇದರ ಮುಂದ ಏನೂ ಅಲ್ಲ."

ಅಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ ನಕ್ಕು, "ಯಾವೂರು ಅಮ್ಮಾ ನಿಮ್ಮದು?" ಅಂದರು. ಹಾವೇರಿ ಅಂದದ್ದೇ, "ಓ, ಬ್ಯಾಡಗಿ ಮೆಣಸಿನ ಕಡೆಯವರು! ಅದಿಲ್ಲದೆ ನಮ್ಮ ಮೀನು ಸಾರಿಗೆ ಬಣ್ಣವೇ ಬರೋದಿಲ್ಲ." ಮೀನು ಅಂದ ಕೂಡಲೇ ಚಿಕ್ಕವ್ವನ ಮುಖ ಆ ಕಡೆ ತಿರುಗಿತು. ಅವ್ವ ಮಾತ್ರ ಒಣಮೆಣಸಿನಕಾಯಿ ರೇಟು ಮಾತಾಡುತ್ತಾ ಬದುವಿನ ಮೇಲೆಯೇ ಕೂತುಬಿಟ್ಟಳು.

ಉಪ್ಪಿನ ಗುಡ್ಡೆ ನೋಡಿದರೆ ನಮ್ಮ ಜಿಲ್ಲೆಯವರಿಗೆ ಮೈಲಾರ ಮಹಾದೇವಪ್ಪ ನೆನಪಾಗಲೇಬೇಕು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ನಡೆದ ಕನ್ನಡದ ಹುಡುಗ. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಏಪ್ರಿಲ್ 6ಕ್ಕೆ ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಒಂದೇ ವಾರಕ್ಕೆ, 13ರಂದು, ಈ ಕರಾವಳಿಯ ಅಂಕೋಲಾದಲ್ಲೂ ಜನ ಉಪ್ಪಿನ ಕಾಯ್ದೆ ಮುರಿದರು. "ಉಪ್ಪು ಎತ್ತಿದ್ರ ಯಾಕ ಹಿಡೀತಾರ?" ಅಂತ ಚಿಕ್ಕವ್ವನ ಮಗ ಕೇಳಿದ. ಆಗ ಪರವಾನಗಿ ಇಲ್ಲದೆ ಉಪ್ಪು ಮಾಡುವ ಹಾಗಿರಲಿಲ್ಲ, ಮಾಡಿದ್ದಕ್ಕೂ ತೆರಿಗೆ ಇತ್ತು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅದೂ ನಮ್ಮ ಜಿಲ್ಲೆಯಲ್ಲೇ.

ಇದು ತದಡಿ. ಮೀನುಗಾರಿಕೆ ಬಂದರು, ಎದುರಿಗೆ ಅಘನಾಶಿನಿಯ ಅಳಿವೆ. ನಾವು ಚಹಾ ಕುಡಿಯೋಕೆ ನಿಂತಿದ್ದೆವಲ್ಲ, ಆ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ನದಿ ಇದು. ದಾರಿಯಲ್ಲಿ ಎಲ್ಲೂ ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಇಳಿತದ ಹೊತ್ತಿಗೆ ಕೆಸರಿನಲ್ಲಿ ಇಳಿದು ಚಿಪ್ಪಿಕಲ್ಲು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸುತ್ತಾರೆ. ಆಚೀಚೆಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ, ಉಪ್ಪುನೀರು ತಡೆದುಕೊಳ್ಳುವ ತಳಿ. ಸವಳು ಬಿದ್ದ ಹೊಲ ನೋಡಿ ತಲೆ ಮೇಲೆ ಕೈ ಹೊತ್ತು ಕೂರುವ ನಮಗೆ ಇದು ಸೋಜಿಗವೇ.

ಗದಗದವರು ನೋಡ್ತಿದ್ದರೆ ನಿಮಗೂ ಒಂದು ಸುದ್ದಿ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ಕಾಗ, ಅದರ ಜೊತೆಗೇ ನಿಮ್ಮ ಮಾಗಡಿ ಕೆರೆಗೂ ಸಿಕ್ಕಿತು. ಚಳಿಗಾಲದಲ್ಲಿ ಪಟ್ಟೆತಲೆಯ ಬಾತುಗಳು ಬರುತ್ತವಲ್ಲ, ಅದೇ ಕೆರೆ.

ಸಾಣಿಕಟ್ಟಾಕ್ಕೆ ಹೋಗೋರು ಬೆಳಿಗ್ಗೆ ಬೇಗ ಹೋಗಿ, ಅಲ್ಲಿ ನೆರಳೇ ಇಲ್ಲ. ಬದುವಿನ ಮೇಲೆ ಕಾಲಿಡುವ ಮೊದಲು ಕೇಳಿ, ಅದು ಅವರ ಹೊಲ ಇದ್ದ ಹಾಗೆ. ಸುಮ್ನೆ ಚಪ್ಪಲಿ ಹಾಕಿಕೊಂಡು ಮಡಿಗೆ ಇಳಿಯಬೇಡಿ.

ಅವ್ವ ಒಂದು ಚೀಲ ಉಪ್ಪು ಕೊಂಡಳು, ಚೌಕಾಶಿ ಮಾಡದೆ. ಚೀಲ ಸೋರುತ್ತದೆ ಅಂತ ಡಿಕ್ಕಿಯಲ್ಲಿದ್ದ ರೊಟ್ಟಿ ಬುಟ್ಟಿ ಈಗ ಚಿಕ್ಕವ್ವನ ತೊಡೆ ಮೇಲೆ. ನಾಳೆ ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಥೆ. ಅದು ಮುಂದಿನ ವಿಡಿಯೋದಲ್ಲಿ.