ಹೊಸ ಅಕ್ಕಿ ಊಟ

ಕೇಳುಗರಿಗೆ ನಮಸ್ಕಾರ.

ಸೆಪ್ಟೆಂಬರ್ 8 ಅಂದ್ರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ತೆನೆ ಹಬ್ಬ. ನಾವು ಮೊಂತಿ ಫೆಸ್ತ್ ಅನ್ನುತ್ತೇವೆ. ಮಾತೆ ಮರಿಯಮ್ಮನ ಹುಟ್ಟುಹಬ್ಬ. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸುತ್ತಾರೆ. ಚರ್ಚಿನಲ್ಲಿ ಹರಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ.

ಎಲ್ಲರೂ ಅಂದೆ. ನಾನು ಚಿಕ್ಕವಳಿದ್ದಾಗ ನಮ್ಮ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟು ಪೈರು ಕೊಯ್ದ ಹೆಂಗಸಿಗೆ ಹಿಂದಿನ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು. ಹೊಟ್ಟೆ ತುಂಬ ಬಡಿಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಹಿಂದಿನ ಜಗಲಿಯಲ್ಲಿ.

ಬೈಬಲಿನಲ್ಲಿ ಯಕೋಬನ ಪತ್ರ ಅಂತ ಒಂದು ಸಣ್ಣ ಭಾಗ ಇದೆ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ತಾನೇ ಕೂಗುತ್ತದೆ, ಕೊಯ್ದವರ ಮೊರೆ ದೇವರ ಕಿವಿಗೆ ಬಿದ್ದಿದೆ ಎನ್ನುತ್ತದೆ ಅದು. ದಾನ ಕೊಡಿ ಅನ್ನುವ ಮಾತಲ್ಲ ಇದು. ಅವರ ಪಾಲು ನಿಮ್ಮ ಹತ್ತಿರ ಉಳಿದಿದೆ ಅನ್ನುವ ಮಾತು.

ಮಂಗಳೂರಿನ ಕಂಕನಾಡಿ ಕಡೆ ಹೋದಾಗಲೆಲ್ಲ ಫಾದರ್ ಅಗಸ್ಟಸ್ ಮುಲ್ಲರ್ ನೆನಪಾಗುತ್ತಾರೆ. ಜರ್ಮನಿಯವರು, ಯೇಸುಸಭೆಯ ಗುರುಗಳು. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. ಕುಷ್ಠರೋಗಿಗಳಿಗೆ ಔಷಧಿ ಕೊಟ್ಟು ಕಳಿಸಿದರೆ ಅವರು ಹೋಗುವುದೆಲ್ಲಿಗೆ? ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ ಅದು. 1890ರಲ್ಲಿ ಅವರಿಗಾಗಿ ಆಶ್ರಮ ಕಟ್ಟಿಸಿದರು. ಇವತ್ತು ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ಕಾಲೇಜು ಇದೆ. ನನಗೆ ಮಾತ್ರ ಮಲಗಲು ಕೊಟ್ಟ ಆ ಜಾಗವೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಊರಿನದೇ ಇನ್ನೊಂದು ವಿಷಯ. ಇಲ್ಲಿನ ಆದಿವಾಸಿ ಸಮುದಾಯವಾದ ಕೊರಗರಿಗೆ ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವ ಅಜಲು ಪದ್ಧತಿ ಇತ್ತಲ್ಲ, ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಅಷ್ಟು ತಡವಾಗಿ! ಅನ್ನದ ಮೂಲಕ ಒಬ್ಬ ಮನುಷ್ಯನನ್ನು ಅಷ್ಟು ಕೀಳು ಮಾಡಬಹುದು ಅಂದ್ರೆ ಎದೆ ಉರಿಯುತ್ತದೆ. ಅನ್ನ ಹಂಚುವುದೇ ಚರ್ಚಿನಲ್ಲಿ ನಮ್ಮ ಪೂಜೆಯ ನಡುಭಾಗ ಅಲ್ವಾ? ರೊಟ್ಟಿ ಮುರಿದು ಒಬ್ಬರಿಗೊಬ್ಬರು ಕೊಡುವ ಜನ ನಾವು. ಆದರೂ ನನ್ನ ಬಾಲ್ಯದ ಯಾವ ಶೆರ್ಮಾಂವಿನಲ್ಲೂ, ಅಂದ್ರೆ ಗುರುಗಳ ಪ್ರವಚನದಲ್ಲೂ, ಅಜಲಿನ ಮಾತು ಕೇಳಿದ ನೆನಪಿಲ್ಲ.

ಹೋದ ವರ್ಷ ತೆನೆ ಹಬ್ಬಕ್ಕೆ ನಮ್ಮ ಮನೆಗೆಲಸದ ಅಕ್ಕನನ್ನು ನಮ್ಮ ಜೊತೆ ಮೇಜಿಗೆ ಕೂರಿಸಿದೆ. ನನಗೆ ತುಂಬ ಖುಷಿಯಾಗಿತ್ತು. ಊಟ ಮುಗಿಸಿ ಕೈ ತೊಳೆಯುವಾಗ ಅವರು ಮೆಲ್ಲಗೆ ಕೇಳಿದರು: "ಅಮ್ಮ, ಊಟ ಚೆನ್ನಾಗಿತ್ತು. ಭಾನುವಾರ ಒಂದು ರಜೆ ಸಿಗಬಹುದಾ?"

ಆರು ವರ್ಷ ಪ್ರತಿ ಭಾನುವಾರ ನಾನು ಪೂಜೆಗೆ ಹೋಗಿ ಬರುವಷ್ಟರಲ್ಲಿ ಅವರು ಪಾತ್ರೆ ತೊಳೆದಿಡುತ್ತಿದ್ದರು. ಸಬ್ಬತ್ ದಿನ, ಅಂದ್ರೆ ವಾರದ ವಿಶ್ರಾಂತಿಯ ದಿನ, ನೀನು ಮಾತ್ರವಲ್ಲ, ನಿನ್ನ ಮನೆಯ ದಾಸಿಯೂ ದುಡಿಯಬಾರದು ಅಂತ ಹತ್ತು ಆಜ್ಞೆಗಳಲ್ಲೇ ಇದೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಬಹುಮಾನವನ್ನೂ ತೆಗೆದುಕೊಂಡಿದ್ದೆ.

ಈಗ ಸಂಬಳ ಕಡಿಮೆ ಮಾಡದೆ ಭಾನುವಾರ ಅವರಿಗೆ ರಜೆ. ಪೂಜೆ ಮುಗಿಸಿ ಬಂದು ಪಾತ್ರೆ ನಾನೇ ತೊಳೆಯುತ್ತೇನೆ.

ನಮಸ್ಕಾರ.