ಒಂದಡಿ ಟ್ಯಾಂಕಿನಲ್ಲಿ ಉಪ್ಪುನೀರು: ಹೀಟರ್ ಲೆಕ್ಕ, ಆವಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡುವುದು ಸಮುದ್ರದ ಜೀವಿಗಳನ್ನು ಮನೆಯಲ್ಲಿ ಸಾಕುವ, ಒಂದಡಿ ಉದ್ದದ ಗಾಜಿನ ಟ್ಯಾಂಕಿನ ಬಗ್ಗೆ. 30 ಸೆಂ.ಮೀ. ಉದ್ದ, 25 ಅಗಲ, 28 ಎತ್ತರ. ಲೆಕ್ಕಕ್ಕೆ 21 ಲೀಟರ್. ಮರಳು, ಬಂಡೆ ಹಾಕಿ ಮೇಲೆ ಎರಡು ಬೆರಳು ಜಾಗ ಬಿಟ್ಟರೆ ಉಳಿಯುವ ನೀರು ಹೆಚ್ಚುಕಮ್ಮಿ 16 ಲೀಟರ್. ಉಪ್ಪು, ಹೀಟರ್, ಔಷಧಿ ಎಲ್ಲದಕ್ಕೂ ಈ 16ನ್ನೇ ಹಿಡಿಯಬೇಕು, ಡಬ್ಬದ ಮೇಲೆ ಅಚ್ಚಾದ ಸಂಖ್ಯೆಯನ್ನಲ್ಲ. ಬೆಂಗಳೂರಿನ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಕರಾವಳಿಯವರಿಗೆ ಏನು ಬೇರೆಯಾಗುತ್ತದೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮುನ್ನೂರು ಲೀಟರ್ ಟ್ಯಾಂಕ್ ಇಟ್ಟವರು ಬಿಸಿಯನ್ನೂ ಉಪ್ಪನ್ನೂ ಬೇರೆಬೇರೆಯಾಗಿ ನೋಡಿಕೊಂಡರೆ ನಡೆಯುತ್ತದೆ. 16 ಲೀಟರಿನಲ್ಲಿ ಅವೆರಡೂ ಒಂದೇ ವಿಷಯ. ನೀರು ಆವಿಯಾದಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಶಾಖ ಆವಿಯ ಜೊತೆ ಹೊರಟುಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಬೇಕು. ದಿನಕ್ಕೆ ಒಂದು ಲೀಟರ್ ಹೋದರೆ, ಹಗಲೂ ರಾತ್ರಿ 28 ವ್ಯಾಟ್ ಶಾಖ ಸೋರುತ್ತಲೇ ಇದೆ ಎಂದರ್ಥ. ಈ ಟ್ಯಾಂಕಿಗೆ ಹಾಕುವ ಹೀಟರ್ 25 ವ್ಯಾಟಿನದು! ಹಾಗಾಗಿ ಚಳಿಗಾಲದಲ್ಲಿ ಬಿಸಿ ಸಾಲುತ್ತಿಲ್ಲ ಎನಿಸಿದರೆ ದೊಡ್ಡ ಹೀಟರ್ ತರುವ ಮುಂಚೆ ಟ್ಯಾಂಕಿನ ಮೇಲೆ ಒಂದು ಗಾಜು ಮುಚ್ಚಿ. ಗಾಳಿಯಾಡಲು ಒಂದು ಮೂಲೆಯಲ್ಲಿ ಎರಡು ಬೆರಳಗಲ ಬಿಟ್ಟರೆ ಸಾಕು.

ಹೀಟರ್ ಎಷ್ಟು ವ್ಯಾಟಿನದಿರಬೇಕು? ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ 50, 100 ವ್ಯಾಟ್ ಕೊಡುತ್ತಾರೆ, ಬೆಲೆಯೂ ಹತ್ತಿರಹತ್ತಿರ ಒಂದೇ. ತೆಗೆದುಕೊಳ್ಳಬೇಡಿ. 16 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 66 ಕಿಲೋಜೂಲ್ ಬೇಕು. ಅದಕ್ಕೆ 25 ವ್ಯಾಟಿನ ಹೀಟರ್ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ, 100 ವ್ಯಾಟಿನದಕ್ಕೆ 11 ನಿಮಿಷ ಸಾಕು. ಅಗ್ಗದ ಹೀಟರಿನ ಒಳಗಿರುವ ಥರ್ಮೋಸ್ಟಾಟಿನ ಸಂಪರ್ಕದ ಬಿಂದುಗಳು ದಿನಕ್ಕೆ ಹತ್ತಾರು ಸಲ ಕೂಡಿ ಬಿಡುವಾಗ ಸಣ್ಣ ಕಿಡಿಯಿಂದ ಸುಟ್ಟು, ಒಂದು ದಿನ ಅಂಟಿಕೊಂಡೇ ಉಳಿಯುತ್ತವೆ. ಆಗ ಹೀಟರ್ ಆರುವುದೇ ಇಲ್ಲ. 100 ವ್ಯಾಟಿನದು ಹೀಗೆ ಅಂಟಿಕೊಂಡರೆ ಗಂಟೆಯೊಳಗೆ ನೀರು 25ರಿಂದ 30ರ ಹತ್ತಿರ ಬರುತ್ತದೆ. ನೀವು ಆಫೀಸಿನಿಂದ ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 25 ವ್ಯಾಟಿನದು ಅಂಟಿಕೊಂಡರೆ ನೀರು ಕೋಣೆಗಿಂತ ಆರೇಳು ಡಿಗ್ರಿ ಮೇಲೇರಿ ಅಲ್ಲಿಗೆ ನಿಲ್ಲುತ್ತದೆ. ಕೋಣೆ 21 ಇದ್ದರೆ 28. ಪ್ರಾಣಿಗಳಿಗೆ ಕಷ್ಟವಾಗುತ್ತದೆ, ಆದರೆ ಬದುಕುತ್ತವೆ. ನಮ್ಮ ಕೋಣೆಗಳು ಡಿಸೆಂಬರ್, ಜನವರಿ ರಾತ್ರಿ 20ರ ಆಸುಪಾಸಿಗೆ ಇಳಿಯುತ್ತವೆ. ನೀರು 25.5ರಲ್ಲಿ ನಿಲ್ಲಬೇಕಾದರೆ ಐದಾರು ಡಿಗ್ರಿ ವ್ಯತ್ಯಾಸ ತುಂಬಬೇಕು. ಮುಚ್ಚಳ ಇದ್ದರೆ 25 ವ್ಯಾಟ್ ಅದಕ್ಕೆ ಸಾಲುತ್ತದೆ.

ಇದರ ಮೇಲೆ, ನೀರಿನ ಬಿಸಿ ಅಳೆದು ಹೀಟರಿನ ಕರೆಂಟನ್ನು ಕೊಟ್ಟು ನಿಲ್ಲಿಸುವ ಹೊರಗಿನ ಡಿಜಿಟಲ್ ಕಂಟ್ರೋಲರ್ ಒಂದು ಇರಲೇಬೇಕು. ವೈರಿಂಗ್ ಗೊತ್ತಿಲ್ಲದವರು ಬಿಡಿ ಕಂಟ್ರೋಲರ್ ತಂದು ಡಬ್ಬಿಗೆ ತುರುಕಬೇಡಿ, ಪ್ಲಗ್ ಮತ್ತು ಸಾಕೆಟ್ ಜೋಡಿಸಿಯೇ ಬರುವುದನ್ನು ಕೊಳ್ಳಿ. ಕಂಟ್ರೋಲರನ್ನು 25.5ಕ್ಕೆ ಇಟ್ಟು ವ್ಯತ್ಯಾಸ 0.5 ಕೊಡಿ, ಅಂದರೆ ನೀರು ಅಷ್ಟು ಇಳಿದ ಮೇಲೆ ಮತ್ತೆ ಹೀಟರ್ ಹೊತ್ತುತ್ತದೆ. ಹೀಟರಿನ ತಿರುಪನ್ನು 27ಕ್ಕೆ ಇಡಿ. ದಿನನಿತ್ಯದ ಕೆಲಸ ಕಂಟ್ರೋಲರಿನದು, ಅದು ಕೈಕೊಟ್ಟ ದಿನ ಹೀಟರ್ ತಾನೇ 27ರಲ್ಲಿ ಆರುತ್ತದೆ.

ಕಂಟ್ರೋಲರಿನ ಸೆನ್ಸರ್ ತಂತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ಟ್ಯಾಂಕಿನೊಳಗೆ ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟಿರುತ್ತದೆ. ಉಪ್ಪುನೀರಿನಲ್ಲಿ ಆ ರಬ್ಬರ್ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ತಂತಿ ಮೇಲೆ ಜಾರಿ ಸೆನ್ಸರ್ ಗಾಳಿಯಲ್ಲಿ ತೂಗಿತೆಂದರೆ ಅದು ಓದುವುದು ಕೋಣೆಯ 20 ಡಿಗ್ರಿ. ನೀರು ತಣ್ಣಗಿದೆ ಎಂದುಕೊಂಡ ಕಂಟ್ರೋಲರ್ ಹೀಟರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದಕ್ಕೇ ಸೆನ್ಸರನ್ನು ಅರ್ಧ ಆಳದಲ್ಲಿಟ್ಟು, ತಂತಿಯನ್ನು ಟ್ಯಾಂಕಿನ ಅಂಚಿನಲ್ಲಿ ಕ್ಲಿಪ್ಪಿನಿಂದ ಬಿಗಿಯಿರಿ. ಹೀಟರಿಗೆ ತಾಗಿಸಬೇಡಿ, ಎದುರು ಮೂಲೆಯಲ್ಲಿರಲಿ. ಬೇರೊಂದು ಥರ್ಮಾಮೀಟರ್ ಕಣ್ಣಿಗೆ ಬೀಳುವ ಕಡೆ ಇರಲಿ. ಎರಡರ ಓದು ಒಂದು ಡಿಗ್ರಿಗಿಂತ ಹೆಚ್ಚು ಬೇರೆಯಾದ ದಿನ ಕಾರಣ ಹುಡುಕಿ.

ಹಿಂದುಗಡೆ ಫಿಲ್ಟರ್ ಕೋಣೆಗಳಿರುವ ಟ್ಯಾಂಕಾದರೆ ಹೀಟರನ್ನು ಪಂಪ್ ಇರುವ ಕೊನೆಯ ಕೋಣೆಗೆ ಇಳಿಸಬೇಡಿ. ನೀರು ಆವಿಯಾದಂತೆ ಮಟ್ಟ ಇಳಿಯುವುದು ಆ ಒಂದು ಕೋಣೆಯಲ್ಲಿ ಮಾತ್ರ. ಅಲ್ಲಿಟ್ಟ ಹೀಟರ್ ಎರಡೇ ದಿನದಲ್ಲಿ ಅರ್ಧ ಹೊರಬಂದು, ಕಾದ ಗಾಜು ಸೀಳಬಹುದು. ಅದರ ಹಿಂದಿನ ಕೋಣೆಯಲ್ಲಿ ಮಟ್ಟ ಬದಲಾಗುವುದಿಲ್ಲ, ಅಲ್ಲಿಡಿ. ನೀರು ಬದಲಿಸುವಾಗ ಮೊದಲು ಪ್ಲಗ್ ಕಿತ್ತು, ಕಾಲು ಗಂಟೆ ಬಿಟ್ಟು ಕೈ ಹಾಕಿ. ಈ ಸಾಕೆಟ್ಟಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್) ಇಲ್ಲದೆ ಉಪ್ಪುನೀರಿನ ಟ್ಯಾಂಕ್ ಇಡಬಾರದು. ಒಣಗಿದ ಉಪ್ಪು ತಂತಿಯ ಮೇಲೆ ಬಿಳಿ ಹರಳಾಗಿ ತೆವಳುತ್ತಾ ಪ್ಲಗ್ಗಿನವರೆಗೂ ಹೋಗುತ್ತದೆ. ತಂತಿಯನ್ನು ಸಾಕೆಟ್ಟಿಗಿಂತ ಕೆಳಗೆ ಜೋಲುಬಿಟ್ಟು ಮೇಲಕ್ಕೆ ತನ್ನಿ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ.

ಇನ್ನು ನೀರು. ಕಾವೇರಿ ನೀರೂ ಬೇಡ, ಬೋರ್‌ವೆಲ್ ನೀರೂ ಬೇಡ. ಮನೆಯ ಆರ್‌ಒ ಬಳಸುವವರು ಎರಡು ವಿಷಯ ನೋಡಿ: ರುಚಿಗಾಗಿ ಸ್ವಲ್ಪ ನಲ್ಲಿ ನೀರನ್ನು ಮತ್ತೆ ಬೆರೆಸುವ ತಿರುಪು ಅದರಲ್ಲಿದೆಯೇ, ತಾಮ್ರ ಸೇರಿಸುವ ಕಾರ್ಟ್ರಿಜ್ ಇದೆಯೇ. ತಾಮ್ರ ಕುಡಿಯುವವರಿಗೆ ಒಳ್ಳೆಯದೆಂದು ಮಾರುತ್ತಾರೆ, ಸಿಗಡಿಗೂ ಶಂಖದ ಹುಳುವಿಗೂ ಅದು ವಿಷ. ಆರ್‌ಒ ಪೊರೆಯಿಂದ ನೇರವಾಗಿ ಬಂದ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಸಣ್ಣ ಮಣಿಗಳು) ಮೂಲಕ ಹಾಯಿಸಿ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, ಸೊನ್ನೆ ತೋರಿಸಬೇಕು.

ಅಡುಗೆ ಉಪ್ಪಿನಿಂದ ಸಮುದ್ರದ ನೀರಾಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಷಾರ ಯಾವುದೂ ಇರುವುದಿಲ್ಲ. ಅಕ್ವೇರಿಯಮ್ಮಿನ ಸಮುದ್ರದ ಉಪ್ಪನ್ನೇ ಲೀಟರಿಗೆ 36ರಿಂದ 38 ಗ್ರಾಂ ತೂಗಿ ಹಾಕಿ. ಬಕೆಟ್ಟಿನ ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕಿಳಿಯುತ್ತದೆ. ಸಣ್ಣ ಪಂಪ್ ಇಟ್ಟು ರಾತ್ರಿಯಿಡೀ ಕಲಕಲು ಬಿಡಿ. ಮರುದಿನ ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ 1.026 ಇರಬೇಕು. ಉಪಕರಣವನ್ನು 35 ಎಂದು ಗೊತ್ತಿರುವ ಉಪ್ಪಿನ ದ್ರಾವಣ ಹಾಕಿ ಸರಿಹೊಂದಿಸಿ, ಬರೀ ನೀರಿನಿಂದಲ್ಲ.

ತಳಕ್ಕೆ ಎರಡೂವರೆ ಕೆಜಿ ಅರಗೊನೈಟ್ (ಸುಣ್ಣದ ಖನಿಜದ) ಮರಳು, ಅದರ ಮೇಲೆ ಒಂದೂವರೆ ಎರಡು ಕೆಜಿ ಸೆರಾಮಿಕ್ ಬಂಡೆ. ನೇತ್ರಾಣಿಯಿಂದಲೋ ಇನ್ನೆಲ್ಲಿಂದಲೋ ಹವಳದ ಕಲ್ಲು ಒಡೆದು ತಂದುಕೊಡುತ್ತೇವೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಗಟ್ಟಿ ಹವಳಗಳು, ಕಡಲಕುದುರೆ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಾಯ್ದೆಯ ಮಾತು ಹಾಗಿರಲಿ, ಅಲ್ಲಿ ಕಿತ್ತ ಒಂದು ಕಲ್ಲು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

ಜೀವಿಗಳ ಕಸದಿಂದ ಬರುವ ವಿಷವಾದ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಮೊದಲೇ ಬೆಳೆದಿರಬೇಕು. ಅದಕ್ಕೆ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಬರುವಷ್ಟು ಅಮೋನಿಯಾ ಮತ್ತು ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ ಕಾಯಿರಿ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗೆ ಬಂದು, ನೈಟ್ರೈಟೂ ಸೊನ್ನೆಯಾಗುವವರೆಗೆ ಯಾವ ಜೀವಿಯೂ ಬೇಡ. ಮೂರರಿಂದ ಆರು ವಾರ ಹಿಡಿಯುತ್ತದೆ. ಹೀಟರನ್ನು ಪರೀಕ್ಷಿಸುವ ಕಾಲವೂ ಇದೇ. ಆಮೇಲೆ ಒಂದೆರಡು ಶಂಖದ ಹುಳು, ಒಂದು ಸಿಗಡಿ, ಕೊನೆಗೆ ಒಂದೇ ಒಂದು ಪುಟ್ಟ ಗೋಬಿ ಮೀನು. ಕ್ಲೌನ್ ಮೀನಿನ ಜೋಡಿಗೆ ಇಷ್ಟು ನೀರು ಸಾಲದು, ಮಕ್ಕಳು ಎಷ್ಟೇ ಕೇಳಿದರೂ.

ಮುಚ್ಚಳವಿದ್ದರೂ ದಿನಕ್ಕೆ ಕಾಲು ಲೀಟರ್ ಆವಿಯಾಯಿತೆನ್ನಿ. ನಾಲ್ಕು ದಿನ ಮರೆತರೆ ಲವಣಾಂಶ 35ರಿಂದ 37ರ ಮೇಲೆ ಹೋಗುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದು ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಸಿಹಿನೀರು, ಅಂದರೆ ಉಪ್ಪು ಬೆರೆಸದ ಅದೇ ಡಿಐ ನೀರು, ತುಂಬಿ. ತಾನೇ ತುಂಬುವ ಉಪಕರಣ ಇಟ್ಟರೆ ಅದರ ಪಾತ್ರೆ ಎರಡು ಲೀಟರ್ ಮೀರದಿರಲಿ. ಫ್ಲೋಟ್ ಸಿಕ್ಕಿಕೊಂಡು ಅಷ್ಟೂ ಸುರಿದರೂ ಲವಣಾಂಶ 31ರಲ್ಲಿ ನಿಲ್ಲುತ್ತದೆ. ವಾರಕ್ಕೆ ಒಂದೂವರೆ ಲೀಟರ್ ಬದಲಿಸಿ, ಹೊಸ ನೀರಿನ ಬಿಸಿ ಟ್ಯಾಂಕಿನದಕ್ಕೆ ಒಂದು ಡಿಗ್ರಿಯೊಳಗೆ ಹೊಂದಬೇಕು.

ಮಾರ್ಚ್ ಬಂದ ಮೇಲೆ ಹೀಟರ್ ಪ್ಲಗ್ ಕಿತ್ತೇ ಇಡಿ. ಆಗ ಮುಚ್ಚಳ ತೆಗೆದು, ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕಂಪ್ಯೂಟರಿನ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿ ಮಾತ್ರ ಎರಡು ಮೂರು ಪಟ್ಟಾಗುತ್ತದೆ, ಸಿಹಿನೀರು ಸಂಜೆಯೂ ತುಂಬಬೇಕು. ನೀರು 30 ದಾಟಿದರೆ ಐಸ್ ಸುರಿಯಬೇಡಿ. ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸುವುದೂ ಅಪಾಯವೇ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಮೊದಲು ಪಂಪಿನ ಬಾಯಿಯನ್ನು ಮೇಲ್ಮೈ ಕಡೆ ತಿರುಗಿಸಿ. ಕರೆಂಟ್ ಹೋದಾಗ ಇನ್‌ವರ್ಟರಿಗೆ ಮೊದಲು ಪಂಪ್, ಆಮೇಲೆ ಹೀಟರ್.

ಮಂಗಳೂರು, ಉಡುಪಿ, ಕಾರವಾರದವರಿಗೆ ಹೀಟರ್ ವರ್ಷಕ್ಕೆ ಕೆಲವೇ ರಾತ್ರಿ ಬೇಕಾದೀತು. ಅಲ್ಲಿಯ ಕಷ್ಟ ಬೇಸಿಗೆ: ಗಾಳಿಯಲ್ಲೇ ತೇವ ತುಂಬಿರುವುದರಿಂದ ಆವಿಯಾಗುವುದು ಕಡಿಮೆ, ಫ್ಯಾನ್ ಒಂದು ಡಿಗ್ರಿ ಇಳಿಸಿದರೆ ಹೆಚ್ಚು. ಟ್ಯಾಂಕನ್ನು ಪಶ್ಚಿಮದ ಗೋಡೆಯಿಂದ ದೂರವಿಟ್ಟು, ದೀಪವನ್ನು ಸಂಜೆ ಐದರ ಮೇಲೆ ಹಚ್ಚಿ. ಬೀಚಿನಿಂದ ನೀರು ತರುವವರು ಜೂನಿನಿಂದ ಸೆಪ್ಟೆಂಬರ್‌ವರೆಗೆ ತರಲೇಬೇಡಿ. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಕಾಳಿಯಂಥ ನದಿಗಳ ಸಿಹಿನೀರು, ಕೆಸರು ಎಲ್ಲ ದಡದುದ್ದಕ್ಕೂ ಹರಡಿರುತ್ತದೆ, ಲವಣಾಂಶ 35ರ ಹತ್ತಿರವೂ ಬರುವುದಿಲ್ಲ.